ಮೇಜಿನ ಹಿಂದಿನ ಕುರ್ಚಿ

ದೊಡ್ಡವರ ಊಟದಲ್ಲಿ ಹಸಿದುಕೊಂಡು ಕೂರುವುದೂ ಒಂದು ಉದ್ಯೋಗ ಎಂದು ನನಗೆ ಗೊತ್ತಾದದ್ದು ಬಹರೈನಿಗೆ ಬಂದ ಮೇಲೆ. ಆ ಉದ್ಯೋಗ ಮಾಡುತ್ತಿದ್ದ ಚೀನಾದ ಒಬ್ಬ ಮನುಷ್ಯ ಮನಾಮ ಪಟ್ಟಣದ ಗುಫೂಲ್ ಬಡಾವಣೆಯ ನಮ್ಮ ಮನೆಗೆ ಬಂದು ಗಂಜಿ ಉಂಡು ಹೋಗುತ್ತಿದ್ದ. ಫುಟ್‌ಬಾಲಿನ ಆಡಳಿತದಲ್ಲಿ ಅವನು ಮೇಲೆ ಹತ್ತಿದ್ದನ್ನೂ ಕೆಳಗೆ ಇಳಿದದ್ದನ್ನೂ ನಾನು ನೋಡಿದ್ದು ನಮ್ಮ ಅಡಿಗೆಮನೆಯ ಬಾಗಿಲಿನಿಂದ. ಫುಟ್‌ಬಾಲ್ ಎಂದರೆ ಕಾಲಿನಲ್ಲಿ ಆಡುವುದು ಎನ್ನುವಷ್ಟು ಬಿಟ್ಟರೆ ನನಗೆ ಬೇರೆ ತಿಳಿಯದು. ಅವನೂ ಆಡಿದವನಲ್ಲ. ಒಮ್ಮೆ ಕೇಳಿದ್ದೆ. ಶಾಲೆಯಲ್ಲಿ ಕೂಡ ಆಡಿಲ್ಲವಂತೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮನೆಮಾತು ತುಳು, ಬರೆಯಲು ಬರುವುದು ಕನ್ನಡ ಮಾತ್ರ. ಮಗಳು ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್. ಮೊಮ್ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಬಂದೆ. ಮಗಳಿಗೂ ಶಿಫ್ಟ್, ಅಳಿಯನಿಗೂ ಶಿಫ್ಟ್, ಮಗುವಿನ ಹತ್ತಿರ ಯಾರಾದರೂ ಇರಬೇಕಲ್ಲ, ಉಳಿದುಬಿಟ್ಟೆ. ಅಳಿಯನನ್ನು ನಾನು ಬಹುವಚನದಲ್ಲೇ ಕರೆಯುವುದು, ನಮ್ಮ ಕಡೆಯ ರೂಢಿ. ಚೀನಾದವನನ್ನು ಮಾತ್ರ ಕೊನೆಯವರೆಗೂ ಏಕವಚನದಲ್ಲಿ ಕರೆದೆ. ಮೊಮ್ಮಗಳು ದೊಡ್ಡವಳಾದ ಮೇಲೆ ತಿದ್ದಲು ನೋಡಿದಳು, "ಅಜ್ಜೀ, ಹಿ ಈಸ್ ಎ ವಿಐಪಿ, ಅವನು ಅನ್ಬಾರ್ದು" ಎಂದು. ನಮಗೆ ಪರಿಚಯವಾದಾಗ ಅವನು ವಿಐಪಿ ಆಗಿರಲಿಲ್ಲ, ಹಸಿದವನಾಗಿದ್ದ. ಬಾಯಿಗೆ ಮೊದಲು ಬಂದದ್ದೇ ಉಳಿಯಿತು.

ಅಳಿಯ ಆಗ ಮನಾಮದ ಒಂದು ಹೋಟೆಲಿನಲ್ಲಿ ಸಭೆ ಸಮಾರಂಭಗಳ ಊಟ ಬಡಿಸುತ್ತಿದ್ದರು. ಏಷ್ಯಾದ ಫುಟ್‌ಬಾಲ್ ದೇಶಗಳವರೆಲ್ಲ ಸಭೆಗೆ ಬಂದಿದ್ದರು. ಚೀನಾದ ಸಾಹೇಬ ಮೇಜಿನ ಮುಂದೆ ಕೂತಿದ್ದ. ಅವನ ಬೆನ್ನ ಹಿಂದೆ, ಸ್ವಲ್ಪ ಎಡಕ್ಕೆ, ಇನ್ನೊಂದು ಕುರ್ಚಿ. ಆ ಕುರ್ಚಿಗೆ ಮೇಜಿಲ್ಲ, ತಟ್ಟೆಯಿಲ್ಲ, ನೀರಿನ ಲೋಟವೂ ಇಲ್ಲ. ಅದರಲ್ಲಿ ಕೂತವನು ದುಭಾಷಿ. ಸಾಹೇಬನ ಚೀನೀ ಮಾತನ್ನು ಇಂಗ್ಲಿಷಿಗೆ, ಎದುರಿನವರ ಇಂಗ್ಲಿಷನ್ನು ಚೀನೀ ಭಾಷೆಗೆ ದಾಟಿಸುವುದು ಅವನ ಕೆಲಸ. ಮನೆಗೆ ಬಂದ ಅಳಿಯ ಶೂ ಬಿಚ್ಚುವ ಮೊದಲೇ ಕೇಳಿದರು.

"ಮಾಮಿ, ನಾಳೆ ಸ್ವಲ್ಪ ಗಂಜಿ ಮಾಡಿ ಕೊಡ್ಬಹುದಾ? ಒಬ್ಬ ಚೀನಾದವನಿಗೆ."

"ಚೀನಾದವನಿಗೆ ಗಂಜಿ ಎಂತಕ್ಕೆ?"

"ಹೊಟ್ಟೆ ಸರಿ ಇಲ್ಲ ಅಂತೆ. ಅಷ್ಟು ದೊಡ್ಡ ಊಟದ ಮಧ್ಯೆ ಕೂತು ಒಂದು ತುತ್ತು ತಿನ್ಲಿಲ್ಲ ಮಾಮಿ ಅವ. ಸಾಹೇಬ ಅಗಿಯುವಾಗ ಇವ ಮಾತಾಡ್ತಾನೆ, ಸಾಹೇಬ ಮಾತಾಡುವಾಗ ಇವ ಬರ್ಕೊಳ್ತಾನೆ. ತಿನ್ನುದು ಯಾವಾಗ? ನಾನು ಹಿಂದಿನ ಓಣಿಗೆ ಕರ್ದು ನಮ್ಮ ಸ್ಟಾಫಿನ ಬಿರಿಯಾನಿ ಕೊಟ್ಟೆ. ನೋಡಿಯೇ ಕೈ ಮುಗ್ದ. ಅಕ್ಕಿಯ ಗಂಜಿ ಉಂಟಾ ಅಂತ ಕೇಳಿದ."

ಅಕ್ಕಿಯ ಗಂಜಿ ನಮ್ಮಲ್ಲಿ ಇಲ್ಲದೆ ಮತ್ತೆಲ್ಲಿ ಇರುತ್ತದೆ. ಊರಿನಿಂದ ತರಿಸಿದ ಕುಚ್ಚಲಕ್ಕಿ ಇತ್ತು. ಹದವಾಗಿ ಬೇಯಿಸಿ, ತೆಳಿ ನೀರು ಮೇಲೆ ನಿಲ್ಲುವಷ್ಟು ಬಿಟ್ಟು, ಸ್ಟೀಲಿನ ಕ್ಯಾರಿಯರಿಗೆ ಹಾಕಿ ಕಳಿಸಿದೆ. ಮೇಲಿನ ಬಟ್ಟಲಿಗೆ ಮಿಡಿ ಉಪ್ಪಿನಕಾಯಿ, ಹುರುಳಿ ಚಟ್ನಿ. ಸಂಜೆ ಕ್ಯಾರಿಯರ್ ಅರ್ಧ ತುಂಬಿಯೇ ವಾಪಸು ಬಂತು. ತೆಳಿ ಕುಡಿದಿದ್ದ, ಅನ್ನ ಬಿಟ್ಟಿದ್ದ.

"ಎಂತ ಹೇಳಿದ?" ಕೇಳಿದೆ.

ಅಳಿಯ ನಗು ತಡೆದುಕೊಂಡರು. "ನಿಮ್ಮತ್ತೆ ಒಳ್ಳೆಯವರು, ಪಾಪ, ಅವಸರದಲ್ಲಿ ಅರ್ಧ ಬೇಯಿಸಿ ಕಳಿಸಿದ್ದಾರೆ ಅಂದ."

ಕುಚ್ಚಲಕ್ಕಿ ಬೇಯಲಿಲ್ಲ ಎಂದು ನನ್ನ ಅತ್ತೆ ಕೂಡ ಹೇಳಿದವಳಲ್ಲ, ಅವಳು ಹುಳುಕು ಹುಡುಕುತ್ತಲೇ ಮುದುಕಿಯಾದವಳು. ಬೆಂದ ಮೇಲೂ ಅಗಳು ಅಗಳಾಗಿ ನಿಲ್ಲುವುದೇ ಆ ಅಕ್ಕಿಯ ಗುಣ. ಇನ್ನು ಅವನಿಗೆ ಬಿಸಿನೀರೂ ಇಲ್ಲ ಎಂದೆ. ಆದರೆ ಅಳಿಯ ಅವನ ಊರಿನ ಗಂಜಿ ಹೇಗೆಂದು ಕೇಳಿಕೊಂಡು ಬಂದಿದ್ದರು. ಬಿಳಿ ಅಕ್ಕಿಯಂತೆ, ಅಗಳು ಕರಗಿ ಕಾಣದೆ ಹೋಗುವಷ್ಟು ಬೇಯಬೇಕಂತೆ. ನಮ್ಮಲ್ಲಿ ಹಲ್ಲು ಬಾರದವರಿಗೆ, ಹಲ್ಲು ಬಿದ್ದವರಿಗೆ ಹಾಗೆ ಮಾಡುತ್ತೇವೆ. ದೋಸೆಗೆಂದು ಇಟ್ಟಿದ್ದ ಬೆಳ್ತಿಗೆ ಅಕ್ಕಿಯನ್ನು ಒಲೆಯ ಮೇಲೆ ಇಟ್ಟು, ಅದು ಗೋಂದಿನ ಹಾಗೆ ಆಗುವವರೆಗೆ ಬಯ್ಯುತ್ತಾ ತಿರುವಿದೆ. ಆ ದಿನ ಕ್ಯಾರಿಯರ್ ಬರಿದಾಗಿ ಬಂತು.

ಮುಂದಿನ ಸಲ ಸಭೆಗೆ ಬಂದಾಗ ಅವನು ನಮ್ಮ ಮನೆಗೇ ಬಂದ, ಚಹಾದ ಡಬ್ಬಿ ಹಿಡಿದುಕೊಂಡು. ಬಾಗಿಲಲ್ಲಿ ಶೂ ಬಿಟ್ಟ. ಸಣಕಲು ಮನುಷ್ಯ, ಕೋಟಿನ ತೋಳು ಬೆರಳಿನ ತನಕ ಬರುತ್ತಿತ್ತು. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ, ಅಳಿಯ ನನಗೆ ಹೇಳುತ್ತಿದ್ದರು. ನಾನು ಹೇಳಿದ್ದನ್ನು ಅಳಿಯ ಅವನಿಗೆ ಹೇಳುವಾಗ ಅವನು ತಲೆ ಓರೆ ಮಾಡಿ ಅಳಿಯನ ಬಾಯಿಯನ್ನೇ ನೋಡುತ್ತಿದ್ದ.

"ನಾನು ಕಡಿಮೆ ಮಾಡಿ ಹೇಳ್ತೇನೆ ಅಂತಾನೆ ಮಾಮಿ. ನೀವು ಅಷ್ಟು ಉದ್ದ ಹೇಳಿದ್ರಿ, ನಾನು ಗಿಡ್ಡ ಮಾಡಿದೆ, ಅದು ತಪ್ಪಂತೆ."

ಅವನ ಕೆಲಸದ ನಿಯಮ ಹಾಗಂತೆ. ತನ್ನದೆಂದು ಒಂದು ಮಾತು ಸೇರಿಸಬಾರದು, ಅವರದೆಂದು ಒಂದು ಮಾತು ಬಿಡಬಾರದು. ಎದುರಿನವನು ಸುಳ್ಳು ಹೇಳುತ್ತಿದ್ದಾನೆ ಎಂದು ಗೊತ್ತಿದ್ದರೂ ಆ ಸುಳ್ಳನ್ನು ಸರಿಯಾಗಿ ದಾಟಿಸಬೇಕು.

"ಸುಳ್ಳು ಅಂತ ಸಾಹೇಬನ ಕಿವಿಯಲ್ಲಿ ಹೇಳಿದ್ರೆ ಆಯ್ತಲ್ಲ?" ಎಂದೆ.

ಅದು ದುಭಾಷಿಯ ಕೆಲಸವಲ್ಲ ಎಂದ. ಸಾಹೇಬನೇ ಮುಖ ನೋಡಿ ತಿಳಿದುಕೊಳ್ಳಬೇಕು. ಇಷ್ಟು ವರ್ಷದಲ್ಲಿ ತಾನು ಒಂದು ಮಾತೂ ತಪ್ಪಾಗಿ ದಾಟಿಸಿಲ್ಲ ಎಂದು ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು. ನನಗೆ ಅದು ಪೆದ್ದುತನ ಎನಿಸಿತು. ಹೇಳಲಿಲ್ಲ, ಉಣ್ಣುತ್ತಿದ್ದ.

ಆಮೇಲೆ ಸಾಹೇಬನಿಗೆ ನಿವೃತ್ತಿಯಾಯಿತು. ಬದಲಿಗೆ ಯಾರನ್ನು ಕಳಿಸುವುದು ಎಂಬ ಪ್ರಶ್ನೆ ಬಂದಾಗ ಚೀನಾದವರು ಇವನನ್ನೇ ಕಳಿಸಿದರು. ಅದರಲ್ಲಿ ಆಶ್ಚರ್ಯವಿಲ್ಲ. ಏಷ್ಯಾದ ದೇಶಗಳವರಿಗೆಲ್ಲ ಚೀನಾದ ದನಿ ಎಂದರೆ ಇವನ ದನಿಯೇ ಆಗಿತ್ತು, ಸಾಹೇಬನ ದನಿ ಯಾರ ಕಿವಿಗೂ ಬಿದ್ದಿರಲಿಲ್ಲ. ಮೊದಲು ಯಾವುದೋ ಸಣ್ಣ ಸಮಿತಿ, ಹುಡುಗರ ಆಟದ್ದು. ಮತ್ತೆ ಹೆಂಗಸರ ಆಟದ ಸಮಿತಿ. ಮತ್ತೆ ಎಲ್ಲಕ್ಕೂ ಮೇಲಿನ ಮಂಡಳಿಯಲ್ಲಿ ಕುರ್ಚಿ. ಎರಡು ದೇಶಗಳಿಗೆ ಮೈದಾನದ ಬಗ್ಗೆ ಜಗಳವಾದರೆ ಇವನನ್ನು ನಡುವೆ ಕೂರಿಸುತ್ತಿದ್ದರಂತೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬನಿಗೆ ಬಣ್ಣ ಕಟ್ಟದೆ ಮುಟ್ಟಿಸುತ್ತಾನೆ ಎಂಬ ಹೆಸರಿತ್ತು. ಅಳಿಯನೂ ಅಷ್ಟರಲ್ಲಿ ಬಡಿಸುವವರಿಂದ ಮೇಲೇರಿ ಇಡೀ ಊಟದ ವ್ಯವಸ್ಥೆಗೆ ಮ್ಯಾನೇಜರ್ ಆಗಿದ್ದರು. ಮೇಜಿನ ಮೇಲೆ ಯಾರ ಹೆಸರಿನ ಚೀಟಿ ಎಲ್ಲಿ ಇಡಬೇಕು ಎನ್ನುವುದು ಅವರ ಕೈಯಲ್ಲಿ. ಇವನ ಚೀಟಿ ಪ್ರತಿ ಸಲ ನಡುಮೇಜಿಗೆ ಹತ್ತಿರವಾಗುತ್ತಾ ಹೋದದ್ದನ್ನು ಅವರೇ ಬಂದು ಹೇಳುತ್ತಿದ್ದರು, ತನಗೇ ಬಡ್ತಿ ಸಿಕ್ಕ ಹಾಗೆ.

ಮಂಡಳಿಗೆ ಸೇರಿದ ಮೇಲೆ ಮೊದಲ ಸಲ ಮನೆಗೆ ಬಂದಾಗ ಅವನ ಹಿಂದೆ ಇನ್ನೊಬ್ಬ ಮೆಟ್ಟಿಲು ಹತ್ತಿ ಬಂದ. ಬೋಳುತಲೆ, ಆದರೂ ಇವನಿಗಿಂತ ಸಣ್ಣ ಪ್ರಾಯದವ, ಕೈಯಲ್ಲಿ ಸಣ್ಣ ಪುಸ್ತಕ. ಇವನ ದುಭಾಷಿ. ಇವನು ಕೂತು ಚೀನೀ ಭಾಷೆಯಲ್ಲಿ ಏನೋ ಹೇಳಿದ, ಬೋಳುತಲೆಯವ ಅದನ್ನು ಇಂಗ್ಲಿಷಿನಲ್ಲಿ ಹೇಳಿದ, ಅಳಿಯ ನನಗೆ ಹೇಳಿದರು: ನಿಮ್ಮ ಆರೋಗ್ಯ ಹೇಗಿದೆ.

"ನನ್ನ ಆರೋಗ್ಯ ಕೇಳ್ಲಿಕ್ಕೆ ಇಷ್ಟು ಜನ ಬೇಕಾ?" ಎಂದೆ. "ಇವನಿಗೆ ಇಂಗ್ಲಿಷ್ ಮರ್ತು ಹೋಯ್ತಾ ಕೇಳಿ."

ಅಳಿಯ ಕೇಳಿದರು, ಬೋಳುತಲೆಯವ ದಾಟಿಸಿದ, ಅವನು ನಕ್ಕ. ಆಮೇಲೆ ಹೇಳಿಸಿದ ಉತ್ತರ ಇದು: ನಾನು ಇಂಗ್ಲಿಷಿನಲ್ಲಿ ಮಾತಾಡಿದರೆ ಈಗಲೂ ಎಲ್ಲರಿಗೂ ಹಿಂದಿನ ಕುರ್ಚಿಯವನೇ ಕಾಣುತ್ತಾನೆ. ಚೀನೀ ಭಾಷೆಯಲ್ಲಿ ಮಾತಾಡಿದರೆ ಮಂಡಳಿಯ ಸದಸ್ಯ.

"ಇಲ್ಲಿ ಮಂಡಳಿ ಎಲ್ಲಿ ಉಂಟು, ಇದು ಅಡಿಗೆಮನೆ" ಎಂದೆ. ಆದರೂ ಅವನು ಬದಲಿಸಲಿಲ್ಲ. ಬೋಳುತಲೆಯವ ನಿಂತೇ ಇದ್ದ. ಇವನು ಬಟ್ಟಲು ಬಾಯಿಗಿಟ್ಟು ಉಣ್ಣುತ್ತಾ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಒಂದು ಕಾಲದಲ್ಲಿ ತಾನು ಹೇಗೆ ಕೂರುತ್ತಿದ್ದ ಎನ್ನುವುದು ಅವನಿಗೆ ಮರೆತಿತ್ತು. ನಾನು ಇನ್ನೊಂದು ಬಟ್ಟಲು ತುಂಬಿಸಿ ಮೇಜಿನ ಮೇಲೆ ಕುಟ್ಟಿ ಇಟ್ಟೆ, ಬೋಳುತಲೆಯವನ ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸಿದೆ.

"ಇವ ಉಣ್ಣುವ ತನಕ ಯಾರೂ ಮಾತಾಡುದು ಬೇಡ ಅಂತ ಹೇಳಿ" ಎಂದು ಅಳಿಯನಿಗೆ ಹೇಳಿದೆ.

ಅದನ್ನು ದಾಟಿಸುವ ಕೆಲಸ ಬೋಳುತಲೆಯವನದ್ದೇ. ತನ್ನ ಬಗ್ಗೆಯೇ ಹೇಳಿದ್ದನ್ನು ಅವನು ಮುಖ ಕೆಂಪಾಗಿಸಿಕೊಂಡು ದಾಟಿಸಿದ. ಎಲ್ಲರೂ ಸುಮ್ಮನೆ ಉಂಡೆವು. ಅದರ ನಂತರ ಬಂದಾಗಲೆಲ್ಲ ಇಬ್ಬರಿಗೂ ಬಟ್ಟಲು.

ಅವನು ಸೋತ ಚುನಾವಣೆಗೆ ಬರುವ ಮೊದಲು ನಮ್ಮ ಮನೆಯ ಚುನಾವಣೆಯ ವಿಷಯ ಹೇಳಬೇಕು. ಅದರ ಹಿಂದಿನ ವರ್ಷ, ಇಲ್ಲಿರುವ ನಮ್ಮ ಊರಿನವರ ಸಂಘಕ್ಕೆ ಅಳಿಯ ಕಾರ್ಯದರ್ಶಿಯಾಗಲು ನಿಂತರು. ಬೇಡ ಎಂದು ಮಗಳು ಹೇಳಿದಳು, ಕೇಳಲಿಲ್ಲ. ಸನದ್‌ನಿಂದ, ಸಲ್ಮಾನಿಯಾದಿಂದ ಜನ ಸಂಸಾರ ಸಮೇತ ಬಂದರು. ನೀರುದೋಸೆ ಹೊಯ್ದು ಹೊಯ್ದು ನನ್ನ ರಟ್ಟೆ ಬಿದ್ದುಹೋಯಿತು. ಬಂದವರೆಲ್ಲ ಹೇಳಿದ್ದು ಒಂದೇ. "ನಿಮ್ದೇ ಬಿಡಿ ಅಣ್ಣ, ಕೇಳ್ಲಿಕ್ಕೇ ಇಲ್ಲ." "ಆಂಟಿ, ಕೋಳಿ ಸುಕ್ಕ ಭಾರೀ ಲಾಯ್ಕಾಗಿದೆ." ಒಬ್ಬ ಎಲೆಕ್ಟ್ರಿಷಿಯನ್ ಮಾತ್ರ ಉಣ್ಣುವ ಮೊದಲೇ ಜಗಳಕ್ಕೆ ನಿಂತ.

"ನಿಮ್ಮ ಸಂಘ ಆಫೀಸಿನವರದ್ದು ಅಣ್ಣ. ನಾವು ಲೇಬರ್ ಕ್ಯಾಂಪಿನಲ್ಲಿ ಇರುವವರು. ಬಸ್ಸು ಕಳಿಸ್ದೆ ಪೂಜೆಗೆ ಬನ್ನಿ ಅಂತೀರಿ, ನಡ್ಕೊಂಡು ಬರುದಾ? ಬಸ್ಸಿಗೆ ಎಂತ ಮಾಡ್ತೀರಿ, ಅದು ಹೇಳಿ ಮೊದ್ಲು."

ಅಳಿಯನಿಗೆ ಬೇಸರವಾಯಿತು. ಎಣಿಕೆಯಲ್ಲಿ ಸೋತರು. ನೋಡಿದರೆ ಇವರಿಗೆ ವೋಟು ಹಾಕಿದ್ದು ಆ ಎಲೆಕ್ಟ್ರಿಷಿಯನ್ನೂ ಅವನ ಜೊತೆಯವರೂ. ಸುಕ್ಕ ಹೊಗಳಿದವರದ್ದು ಬೇರೆ ಕಡೆ ಹೋಗಿತ್ತು. ನನಗೆ ಆಮೇಲೆ ಹೊಳೆಯಿತು. ನಿಮ್ಮಿಂದ ಕೆಲಸ ಆಗಬೇಕು ಎಂದು ಎಣಿಸುವವನು ಬಾಯಿಬಿಟ್ಟು ಕೇಳುತ್ತಾನೆ, ಜಗಳವಾದರೂ ಆಡುತ್ತಾನೆ. ಏನೂ ಕೇಳದವನು ಬೇರೆ ಎಲ್ಲೋ ಕೇಳಿ ಮುಗಿಸಿರುತ್ತಾನೆ. ಅಳಿಯ ಒಂದು ತಿಂಗಳು ಸಂಘದ ಕಡೆ ತಲೆ ಹಾಕಲಿಲ್ಲ, ಆಮೇಲೆ ಎಲ್ಲ ಸರಿಯಾಯಿತು. ಅದು ಸಂಘ. ಸೋತರೆ ಸೋತ ಹಾಗೆ, ಮರುದಿನ ಕೆಲಸಕ್ಕೆ ಹೋದರಾಯಿತು.

ಚೀನಾದವನದ್ದು ಹಾಗಲ್ಲ. ಮಂಡಳಿಯ ಅವನ ಕುರ್ಚಿಗೆ ಮತ್ತೆ ಚುನಾವಣೆ ಬಂತು, ಸಭೆ ಈ ಸಲ ಮನಾಮದಲ್ಲೇ. ಒಂದೊಂದು ದೇಶಕ್ಕೆ ಒಂದು ವೋಟು. ಚೀನಾದಷ್ಟು ದೊಡ್ಡದಾದರೂ ಒಂದೇ, ಬಹರೈನಿನಷ್ಟು ಸಣ್ಣದಾದರೂ ಒಂದೇ. ಕುರ್ಚಿಗಳಿಗಿಂತ ನಿಂತವರು ಜಾಸ್ತಿ ಇದ್ದರು. ಅವನಿಗೆ ನಿವೃತ್ತಿಯ ವಯಸ್ಸು ಹತ್ತಿರ ಬಂದಿತ್ತು. ಗೆದ್ದರೆ ಕುರ್ಚಿ ಇರುವವರೆಗೆ ಕೆಲಸ ಇರುತ್ತದೆ, ಊರೂರು ತಿರುಗುವುದು ಇರುತ್ತದೆ. ಸೋತರೆ ಊರಿಗೆ ಕರೆಸಿಕೊಳ್ಳುತ್ತಾರೆ, ಮತ್ತೆ ಹೊರಗೆ ಕಳಿಸುವುದಿಲ್ಲ. ಬಂದ ದಿನವೇ ಇದನ್ನು ಹೇಳಿದ್ದ, ಹವೆ ಹೇಗಿದೆ ಎಂದು ಹೇಳುವ ಹಾಗೆ. ಹೆಂಡತಿ ತೀರಿಹೋಗಿದ್ದಳು. ಇದ್ದದ್ದು ಈ ಸಭೆಗಳು, ಈ ಹೋಟೆಲುಗಳು, ಗುರುತಿನ ಮುಖಗಳು.

ವೋಟಿನ ಹಿಂದಿನ ದಿನ ಮಧ್ಯಾಹ್ನ ಇಬ್ಬರೂ ಬಂದರು. ಅಳಿಯ ಖುಷಿಯಲ್ಲಿದ್ದರು. ಅದರ ಹಿಂದಿನ ಸಂಜೆ ಹೋಟೆಲಿನಲ್ಲಿ ಅವನು ಕೊಟ್ಟ ಔತಣಕ್ಕೆ ಕರೆದವರೆಲ್ಲ ಬಂದಿದ್ದರಂತೆ.

"ಎಲ್ಲರೂ ತಬ್ಬಿಕೊಂಡ್ರು ಮಾಮಿ ಇವನನ್ನು. ಆ ಕಡೆಯವ್ರು, ಈ ಕಡೆಯವ್ರು, ಎಲ್ಲ. ಖಲಾಸ್, ಗೆದ್ದ ಹಾಗೇ."

ಬೋಳುತಲೆಯವನೂ ತಲೆಯಾಡಿಸಿದ. ಎಲ್ಲರೂ ಹೌದು ಎಂದಿದ್ದಾರೆ ಎಂದ. ಇವನು ಮಾತ್ರ ಬಟ್ಟಲನ್ನು ತಿರುಗಿಸುತ್ತಾ ಕೂತಿದ್ದ. ಅವನ ಕೋಟಿನ ತೋಳು ಈಗ ಅಳತೆಯದ್ದು. ಕೈ ಮಾತ್ರ ಮೊದಲಿನದ್ದೇ, ಸಣಕಲು.

"ಯಾರಾದ್ರೂ ಜಗಳ ಮಾಡಿದ್ರಾ ಕೇಳಿ" ಎಂದೆ.

"ಎಂತ ಮಾಮಿ, ಅದೆಲ್ಲ ಕೇಳ್ಲಿಕ್ಕೆ ಉಂಟಾ?"

"ನೀವು ನಿಂತಾಗ ನಾನು ನೋಡಿದ್ದಲ್ವಾ. ಯಾರಾದ್ರೂ ಅದು ಬೇಕು ಇದು ಬೇಕು ಅಂತ ಇವನ ಹತ್ರ ಕೂಗಾಡಿದ್ರಾ, ಕೇಳಿ."

ಅಳಿಯ ಕೇಳಿದರು. ಬೋಳುತಲೆಯವ ಪುಸ್ತಕ ನೋಡದೆಯೇ ದಾಟಿಸಿದ. ಅವನು ಚಮಚ ಕೆಳಗಿಟ್ಟ. ಕೆಳಗೆ ಕೋಲ್ಡ್ ಸ್ಟೋರ್ ಅಂಗಡಿಯ ಮಲಯಾಳಿ ನೀರಿನ ಬಾಟಲಿಗಳನ್ನು ಇಳಿಸಿಕೊಳ್ಳುವ ಸದ್ದು ಬರುತ್ತಿತ್ತು. ಆಮೇಲೆ ಚೀನೀ ಭಾಷೆಯಲ್ಲಿ ಶುರು ಮಾಡಿದ, ಬೋಳುತಲೆಯವ ಬಾಯಿ ತೆರೆದ, ಇವನು ಕೈ ಎತ್ತಿ ಅವನನ್ನು ನಿಲ್ಲಿಸಿ ತಾನೇ ಇಂಗ್ಲಿಷಿನಲ್ಲಿ ಹೇಳಿದ. ಎಷ್ಟು ವರ್ಷಗಳ ಮೇಲೆ ಅವನ ಬಾಯಲ್ಲಿ ಇಂಗ್ಲಿಷ್ ಕೇಳಿದೆ.

ಅಳಿಯನ ಮುಖ ಇಳಿಯಿತು. "ಯಾರೂ ಮಾಡ್ಲಿಲ್ಲ ಅಂತಾನೆ. ಮೊದ್ಲೆಲ್ಲ ಮಾಡ್ತಿದ್ರಂತೆ. ನಮ್ಮ ರೆಫ್ರಿಗಳನ್ನು ಕರೀರಿ, ನಮ್ಮ ಹುಡುಗರ ಟೂರ್ನಮೆಂಟ್ ಮುಂದೆ ಹಾಕಿ, ನಮ್ಗೆ ಮೈದಾನ ಇಲ್ಲ, ಹೀಗೆ. ಈ ಸಲ ಒಬ್ರೂ ಎಂತದೂ ಕೇಳ್ಲಿಲ್ಲ."

"ಇವನಿಗೆ ಅದು ಗೊತ್ತಾಗ್ಲಿಲ್ವಾ?"

"ಗೊತ್ತಾಗಿತ್ತಂತೆ. ಇಲ್ಲಿಗೆ ಬರುವ ಮೊದ್ಲೇ."

ಅಳಿಯ ಮ್ಯಾನೇಜರ್ ಆಗಿ ಇಂಥ ಸಭೆಗಳನ್ನು ತುಂಬ ನೋಡಿದವರು. ಸೋಲು ಕಂಡವರು ವೋಟಿನ ಮೊದಲೇ ಎದ್ದು ನಿಂತು, ಬೇರೆಯವರಿಗೆ ಅವಕಾಶ ಕೊಡುತ್ತೇನೆ ಎಂದು ಹೇಳಿ ಹಿಂದೆ ಸರಿಯುವುದುಂಟು. ಚಪ್ಪಾಳೆ ಬೀಳುತ್ತದೆ, ಮಾನ ಉಳಿಯುತ್ತದೆ, ಊರಲ್ಲೂ ಸೋತವನೆಂದು ಹೆಸರಾಗುವುದಿಲ್ಲ. ಹಾಗೆ ಮಾಡು ಎಂದು ಅವರು ಅವನಿಗೆ ಇಂಗ್ಲಿಷಿನಲ್ಲಿ ಒತ್ತಿ ಒತ್ತಿ ಹೇಳಿದರು. ಅವನು ತಲೆ ಅಲ್ಲಾಡಿಸಿದ. ಅವನು ಹೇಳಿದ್ದನ್ನು ಅಳಿಯ ನನಗೆ ತುಂಡು ತುಂಡಾಗಿ ಹೇಳಿದರು.

"ಹಿಂದೆ ಸರಿಲಿಕ್ಕೆ ಊರಿನ ದೊಡ್ಡವ್ರ ಒಪ್ಪಿಗೆ ಬೇಕಂತೆ. ಊರಿನವ್ರು ಇವ ಗೆದ್ದ ಅಂತಲೇ ಎಣಿಸಿ ಕೂತಿದ್ದಾರೆ. ಯಾಕೆ ಅಂದ್ರೆ, ಒಂದೊಂದು ದೇಶದವ್ರು ಎಂತ ಹೇಳಿದ್ರೋ ಅದನ್ನೇ ಇವ ಬರ್ದು ಕಳಿಸಿದ್ದು. ಅವ್ರು ಹೌದು ಅಂದ್ರು, ಇವ ಹೌದು ಅಂತ ಬರ್ದ. ಅವ್ರ ಮುಖದಲ್ಲಿ ಎಂತ ಇತ್ತು ಅಂತ ಬರೀಲಿಲ್ಲ."

"ಯಾಕೆ ಬರೀಲಿಲ್ಲ?"

"ಅಭ್ಯಾಸ ಅಂತೆ ಮಾಮಿ."

ಸಾಹೇಬನಾದ ಮೇಲೆ ಮುಖ ನೋಡಿ ತಿಳಿಯುವ ಕೆಲಸ ಅವನದ್ದಾಗಿತ್ತು. ನೋಡಿದ್ದ, ತಿಳಿದೂ ಇದ್ದ. ಆದರೆ ಬರೆಯಲು ಕೂತಾಗ ಹಿಂದಿನ ಕುರ್ಚಿಯವನಾಗಿಯೇ ಬರೆದಿದ್ದ. ಈಗ ಹಿಂದೆ ಸರಿಯಬೇಕಾದರೆ, ನಾನು ಕಳಿಸಿದ ಹೌದುಗಳೆಲ್ಲ ಅಲ್ಲ ಎಂದು ಹೇಳಬೇಕು. ಆಗ ಕೇಳುತ್ತಾರೆ, ಅವರು ಅಲ್ಲ ಎಂದು ಹೇಳಿದರೇ ಎಂದು. ಇಲ್ಲ, ಹಾಗೆ ಯಾರೂ ಹೇಳಿಲ್ಲ. ಹೇಳದ ಮಾತನ್ನು ಅವನು ಹೇಗೆ ಹೇಳುತ್ತಾನೆ.

"ಸುಳ್ಳನ್ನು ಸರಿಯಾಗಿ ದಾಟಿಸಿದ್ದಿ" ಎಂದೆ ಅವನನ್ನೇ ನೋಡಿ, ನಮ್ಮ ಭಾಷೆಯಲ್ಲಿ.

ಅವನು ಅಳಿಯನ ಕಡೆ ತಿರುಗಿದ. ಅಳಿಯ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವನು ಚಮಚ ಎತ್ತಿಕೊಂಡು ಉಣ್ಣಲು ಶುರು ಮಾಡಿದ.

"ಎಂತ ಹೇಳಿದ್ರಿ ಅವನಿಗೆ?" ಆಮೇಲೆ ಕೇಳಿದೆ.

"ತಣ್ಣಗಾಗುವ ಮೊದ್ಲು ಉಣ್ಣು ಅಂತ ಹೇಳಿದ್ರು ಅಂದೆ."

ಅಳಿಯ ದುಭಾಷಿಯ ಕೆಲಸಕ್ಕೆ ಲಾಯಕ್ಕಿಲ್ಲ.

ಮರುದಿನ ಬೆಳಿಗ್ಗೆ ವೋಟು. ಹೆಸರು ಕರೆದ ಹಾಗೆ ಒಂದೊಂದು ದೇಶದವರು ಪರದೆಯ ಹಿಂದೆ ಹೋಗಿ ಬರುತ್ತಿದ್ದರಂತೆ. ಅಳಿಯ ಸಭಾಂಗಣದ ಹಿಂದಿನ ಬಾಗಿಲಲ್ಲಿ, ಊಟದ ಟ್ರಾಲಿಗಳ ಹತ್ತಿರ ನಿಂತಿದ್ದರು. ಗೆದ್ದವರ ಹೆಸರುಗಳನ್ನು ಓದುವಾಗ ಕೊನೆಯ ಹೆಸರಿನ ತನಕವೂ ಅವನು ಕಿವಿಗೆ ಭಾಷಾಂತರದ ಯಂತ್ರ ಹಾಕಿಕೊಂಡು ನೆಟ್ಟಗೆ ಕೂತಿದ್ದ ಎಂದರು. ಅವನ ಹೆಸರು ಬರಲಿಲ್ಲ. ಹತ್ತಿರವೂ ಬಂದಿರಲಿಲ್ಲವಂತೆ. ಔತಣದಲ್ಲಿ ತಬ್ಬಿಕೊಂಡವರೆಲ್ಲ ಗೆದ್ದವರ ಸುತ್ತ ನಿಂತಿದ್ದರು. ಅವನು ಎದ್ದು ಹೋಗಿ ಗೆದ್ದವರ ಕೈಕುಲುಕಿದ.

ಇಂಥ ಹೊತ್ತಿನಲ್ಲಿ ಸೋತವರು ಊಟಕ್ಕೆ ಬರುವುದಿಲ್ಲ, ಕೋಣೆಗೆ ಹೋಗುತ್ತಾರೆ. ಅವನು ಬಂದ. ನಡುಮೇಜಿನಲ್ಲಿ ಅವನ ಹೆಸರಿನ ಚೀಟಿ ಇರಲಿಲ್ಲ, ಅದನ್ನು ತೆಗೆದವರು ಅಳಿಯನೇ. ತೆಗೆಯಬೇಕಿತ್ತು, ಅದು ಅವರ ಕೆಲಸ. ಅವನು ಗೋಡೆಯ ಬದಿಯ ಒಂದು ಮೇಜಿನಲ್ಲಿ ಕೂತ. ಬೋಳುತಲೆಯವ ಅಭ್ಯಾಸದಂತೆ ಹಿಂದೆ ಕುರ್ಚಿ ಎಳೆದುಕೊಂಡ. ಇಡೀ ಊಟದಲ್ಲಿ ಆ ಮೇಜಿನ ಹತ್ತಿರ ಮಾತಾಡಲು ಒಬ್ಬರೂ ಬರಲಿಲ್ಲ. ದಾಟಿಸಲು ಮಾತೇ ಇಲ್ಲದ ಮೇಲೆ ಬೋಳುತಲೆಯವ ಏನು ಮಾಡುತ್ತಾನೆ, ಕುರ್ಚಿ ಮುಂದೆ ಎಳೆದು ಪಕ್ಕದಲ್ಲಿ ಕೂತು ಹೊಟ್ಟೆ ತುಂಬ ಉಂಡ. ಅಳಿಯ ಇದನ್ನು ಫೋನಿನಲ್ಲಿ ಹೇಳುವಾಗ ಅವರ ದನಿ ಸರಿ ಇರಲಿಲ್ಲ. ಅವರು ಸುಲಭದಲ್ಲಿ ಅಳುವವರಲ್ಲ. ಸಂಘದಲ್ಲಿ ಸೋತಾಗ ಕೂಡ ಅತ್ತಿರಲಿಲ್ಲ.

ಅವನ ವಿಮಾನ ಅದೇ ಸಂಜೆಗೆ. ಇನ್ನು ಇಲ್ಲಿಗೆ ಬರುವುದಿಲ್ಲ, ಯಾವ ಮುಖ ಇಟ್ಟುಕೊಂಡು ಬರುತ್ತಾನೆ ಎಂದು ಮಗಳು ಹೇಳಿದಳು. ನನಗೂ ಹಾಗೆಯೇ ಅನಿಸಿತು. ಅದಕ್ಕೆ ಬೆಳ್ತಿಗೆ ಅಕ್ಕಿ ಇಡಲಿಲ್ಲ, ನಮ್ಮ ಊಟಕ್ಕೆ ಕುಚ್ಚಲಕ್ಕಿ ಗಂಜಿ ಮಾತ್ರ ಮಾಡಿದೆ. ಮಧ್ಯಾಹ್ನ ಕಳೆದು ಬಾಗಿಲ ಗಂಟೆಯ ಸದ್ದಾಯಿತು. ಮೊಮ್ಮಗಳು ತೆರೆದಳು. ಅವನೊಬ್ಬನೇ ಇದ್ದ, ಪೆಟ್ಟಿಗೆ ಕಾರಿನಲ್ಲೇ ಬಿಟ್ಟು ಬಂದಿದ್ದ. ಅಳಿಯ ಇನ್ನೂ ಹೋಟೆಲಿನಲ್ಲಿದ್ದರು. ಮೊಮ್ಮಗಳೇ ನಡುವೆ ನಿಂತು ಹೇಳಬೇಕಾಯಿತು, ಅವಳಿಗೆ ಇಂಗ್ಲಿಷೇ ಸಲೀಸು.

"ಅಜ್ಜಿ, ಗಂಜಿ ಉಂಟಾ ಕೇಳ್ತಿದ್ದಾರೆ."

"ಅವನದ್ದು ಇಲ್ಲ, ನಮ್ಮದು ಉಂಟು. ಬೇಯಲಿಲ್ಲ ಅಂತ ಹೇಳುದಾದ್ರೆ ಬೇಡ ಅಂತ ಹೇಳು."

ಅವಳು ಹೇಳಿದಳು. ಪೂರ್ತಿ ಹೇಳಿದಳು ಎಂದು ಕಾಣುತ್ತದೆ, ಅವನ ಬಾಯಿ ಸ್ವಲ್ಪ ಓರೆಯಾಯಿತು. ಕೂತ. ಬಡಿಸಿದೆ. ಉಪ್ಪಿನಕಾಯಿಯ ಮಿಡಿಯನ್ನು ಬಟ್ಟಲಿನ ಅಂಚಿಗೆ ಇಟ್ಟೆ. ಕುಚ್ಚಲಕ್ಕಿ ಅಗಿಯಬೇಕು, ನುಂಗಲು ಬರುವುದಿಲ್ಲ. ಅಗಿಯಲು ಹೊತ್ತು ಬೇಕು. ಅವನು ಒಂದೊಂದು ಚಮಚವನ್ನೂ ನಿಧಾನಕ್ಕೆ ಅಗಿದ. ನಾನು ಎದುರಿಗೆ ಕೂತೆ. ಚುನಾವಣೆಯ ಮಾತು ಬರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನೋ ಏನೋ, ಹೇಳಿ ಆಗುವುದೇನು. ಬಟ್ಟಲು ಮುಗಿದಾಗ ಮುಂದೆ ತಳ್ಳಿದ. ಇನ್ನೊಂದು ಸಲ ಹಾಕಿದೆ. ಅದನ್ನೂ ಉಂಡ.

ಹೊರಡುವಾಗ ಮೊಮ್ಮಗಳಿಗೆ ಏನೋ ಹೇಳಿದ.

"ಅಜ್ಜಿ, ಇದು ಬೆಂದಿದೆ ಅಂತೆ" ಎಂದಳು.

"ಈಗ ಗೊತ್ತಾಯ್ತಾ" ಎಂದೆ. ಅದನ್ನು ಅವಳು ದಾಟಿಸಿದಳೋ ಇಲ್ಲವೋ. ಅವನು ಬಾಗಿಲ ಹೊರಗೆ ಕೂತು ಶೂಗಳ ದಾರ ಕಟ್ಟಿಕೊಂಡು ಇಳಿದು ಹೋದ.

ಮತ್ತೆ ಅವನು ಬರಲಿಲ್ಲ. ಅಳಿಯನ ಫೋನಿನಲ್ಲಿದ್ದ ಅವನ ನಂಬರಿಗೆ ಹೊಸ ವರ್ಷದ ಶುಭಾಶಯ ಕಳಿಸಿದರೆ ಹೋಗಲಿಲ್ಲ. ಮುಂದಿನ ಸಭೆಗೆ ಚೀನಾದಿಂದ ಬೇರೆಯವರು ಬಂದರು, ಅವರ ಹಿಂದಿನ ಕುರ್ಚಿಯಲ್ಲಿ ಅದೇ ಬೋಳುತಲೆಯವ. ಅಳಿಯ ಈಗ ಕಾಯುವುದಿಲ್ಲ, ಊಟ ಶುರುವಾಗುವ ಮೊದಲೇ ಅವನನ್ನು ಹಿಂದಿನ ಓಣಿಗೆ ಕರೆದು ಒಂದು ತಟ್ಟೆ ಕೊಡುತ್ತಾರೆ. ಊರಿಗೆ ಹೋದವನ ವಿಷಯ ಕೇಳಿ ಎಂದು ನಾನೇ ಹೇಳಿದ್ದೆ. ಕೇಳಿದರಂತೆ, ಹೇಗಿದ್ದಾರೆ, ಎಲ್ಲಿದ್ದಾರೆ ಎಂದು.

"ಎಂತ ಹೇಳಿದ?"

"ನನಗೆ ಹೇಳಿದ್ದನ್ನು ಮಾತ್ರ ನಾನು ಹೇಳುದು, ಅವರ ಬಗ್ಗೆ ಯಾರೂ ನನಗೆ ಎಂತದೂ ಹೇಳ್ಲಿಲ್ಲ ಅಂದ ಮಾಮಿ."

ಹೇಳಿ ತಟ್ಟೆ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ತನ್ನ ಸಣ್ಣ ಪುಸ್ತಕ ಎತ್ತಿಕೊಂಡು ಒಳಗೆ ಹೋದನಂತೆ. ಬದುಕಿದ್ದಾನೋ ಇಲ್ಲವೋ ಅಷ್ಟಾದರೂ ಹೇಳಬಹುದಿತ್ತು. ಆದರೆ ಆ ಕೆಲಸದವರು ಹಾಗೆ. ನಾನು ಮತ್ತೆ ಕೇಳಿಸಲಿಲ್ಲ.

ಅವನಿಗೆಂದು ಬೇರೆ ಡಬ್ಬಿಯಲ್ಲಿ ಇಟ್ಟಿದ್ದ ಬೆಳ್ತಿಗೆ ಅಕ್ಕಿಗೆ ಹುಳ ಹಿಡಿಯಲು ಶುರುವಾಗಿತ್ತು. ಬಿಸಿಲಿಗೆ ಹಾಕಿ, ಕೇರಿ, ನೀರುದೋಸೆಗೆ ನೆನೆಹಾಕಿದೆ.